ಮೂರನೆಯ ಸಲ ಕೇಳಬೇಕು

ಆರ್ಡಿಸ್ ಟಾಲೆಫ್‌ಸನ್ ಸಮುದಾಯ ನಿಧಿಗೆ ಬರೆದ ಅರ್ಜಿಯಲ್ಲಿ ಕೇಳಿದ್ದು ಒಂದೇ ಒಂದು: ವ್ಯಾನ್ ಓಡಿಸುವುದಕ್ಕೆ ಸಂಬಳದ ಒಬ್ಬ ಡ್ರೈವರ್. ಆ ಡ್ರೈವರ್ ಬಂದರೆ ತಾನು ಎಲ್ಲ ಬಿಟ್ಟು ಹೊರಟುಹೋಗಬೇಕು ಎಂದಿದ್ದೇನೆ ಅನ್ನುವುದನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ನಮ್ಮ ನಾರ್ಡಾಲ್ ಊರಿನಲ್ಲಿ ಅಂಥದ್ದನ್ನು ಯಾರೂ ಬರೆಯುವುದಿಲ್ಲ. ಮಿನೆಸೋಟಾದ ಈ ಮೂಲೆಯಲ್ಲಿ ಕಾಲು ಮುರಿದುಕೊಂಡು ಹಿಮದಲ್ಲಿ ಬಿದ್ದವನೂ "ಪರವಾಗಿಲ್ಲ, ಇದಕ್ಕಿಂತ ಕೆಟ್ಟದಾಗಬಹುದಿತ್ತು" ಎನ್ನುತ್ತಾನೆ. ಎತ್ತಲು ಬಂದವನು ಅದನ್ನೇ ನಂಬಿ ಮುಂದೆ ಹೋಗದಿದ್ದರೆ ಬಿದ್ದವನ ಪುಣ್ಯ.

ಇದೆಲ್ಲ ಶುರುವಾದದ್ದು ಅವಳ ಗಂಡ ಹಾರ್ವಿಯ ಕಿಡ್ನಿ ಕೈಕೊಟ್ಟಾಗ. ವಾರಕ್ಕೆ ಮೂರು ದಿನ ಅವನನ್ನು ಪಕ್ಕದ ದೊಡ್ಡ ಊರಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆಂದು ಕರೆದೊಯ್ಯುತ್ತಿದ್ದಳು. ಅದೇ ಕಾಯಿಲೆಯ ಇನ್ನೊಬ್ಬರು ದಾರಿಯಲ್ಲಿ ಹತ್ತಿಕೊಂಡರು, ಆಮೇಲೆ ಮತ್ತೊಬ್ಬರು. ಕಾರು ಸಾಲದೆ ಚರ್ಚಿನವರು ಹಳೆಯ ವ್ಯಾನ್ ಕೊಟ್ಟರು. ವ್ಯಾನ್ ಬಂದ ಮೇಲೆ ಅದಕ್ಕೊಂದು ಹೆಸರು ಬೇಕಾಯಿತು. 'ನೆರೆಹೊರೆ ಸವಾರಿ' ಎಂದಿಟ್ಟರು. ಹೆಸರಾದ ಮೇಲೆ ನೋಂದಣಿ, ನೋಂದಣಿಯಾದ ಮೇಲೆ ಆಡಳಿತ ಮಂಡಳಿ. ಹಾರ್ವಿ ತೀರಿಕೊಂಡ, 'ನೆರೆಹೊರೆ ಸವಾರಿ' ಉಳಿದುಕೊಂಡಿತು. ಅವನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆಯೇ ಅವಳು ವ್ಯಾನಿನ ಗಾಜಿಗೆ ಕಟ್ಟಿದ್ದ ಮಂಜುಗಡ್ಡೆ ಕೆರೆಯುತ್ತಿದ್ದಳು. ಅಳುವುದಕ್ಕೂ ಪುರಸೊತ್ತಿರಲಿಲ್ಲ, ಉಳಿದವರು ಬಾಗಿಲಲ್ಲಿ ಕೋಟು ತೊಟ್ಟು ಕಾಯುತ್ತಿದ್ದರಲ್ಲ!

ಸ್ವಯಂಸೇವಕರು ಇಲ್ಲವೆಂದಲ್ಲ. ಜೂನ್ ತಿಂಗಳಲ್ಲಿ ನಾನು ಓಡಿಸುತ್ತೇನೆ ತಾನು ಓಡಿಸುತ್ತೇನೆ ಎಂದು ಮುಗಿಬೀಳುತ್ತಾರೆ. ಜನವರಿ ಬಂತೆಂದರೆ ಊರಿಗೆ ಊರೇ ಬೆನ್ನುನೋವು. ಕನ್ನಡಿಯಂತೆ ಜಾರುವ ರಸ್ತೆಯಲ್ಲಿ ಅರವತ್ತಾರರ ಆರ್ಡಿಸ್ ಒಬ್ಬಳೇ ಸ್ಟೀರಿಂಗ್ ಬಿಗಿಹಿಡಿದು ಹೋಗುತ್ತಿದ್ದಳು. ಈಚೆಗೆ ಅವಳಿಗೆ ಭಯವಾಗುತ್ತಿತ್ತು. ವ್ಯಾನ್ ಆಸ್ಪತ್ರೆ ಮುಟ್ಟಿದ ಮೇಲೂ ಬೆರಳುಗಳು ಬಿಚ್ಚಿಕೊಳ್ಳುತ್ತಿರಲಿಲ್ಲ. ಆಮೇಲೆ ರೋಗಿಗಳು ಯಂತ್ರದ ಪಕ್ಕ ಮಲಗಿರುವಷ್ಟು ಹೊತ್ತೂ ಅಲ್ಲಿನ ಬೆಂಚಿನಲ್ಲಿ ಕೂತು ಸ್ವೆಟರ್ ಹೆಣೆಯುವಳು. ಅವಳಿಗೆ ದಕ್ಕುತ್ತಿದ್ದ ನೆಮ್ಮದಿ ಅದಿಷ್ಟೇ.

ಅವಳ ತಂಗಿ ಐನೆಜ್ ಫಿಲಡೆಲ್ಫಿಯಾದಲ್ಲಿ ಉಣ್ಣೆ ನೂಲಿನ ಅಂಗಡಿ ಇಟ್ಟಿದ್ದಾಳೆ. ಪಾಲುದಾರಳಿಗೆ ವಯಸ್ಸಾಗಿ ಅಂಗಡಿ ಬಿಡುತ್ತಿದ್ದಳು. "ಅಕ್ಕಾ, ಮೇ ಒಂದನೇ ತಾರೀಖಿನೊಳಗೆ ಬಂದ್ಬಿಡು. ಅವಳ ಪಾಲು ನಿಂದು, ಅಂಗಡಿ ಮೇಲಿನ ಕೋಣೆನೂ ನಿಂದು. ನೀನು ಬರಲ್ಲ ಅಂದ್ರೆ ಕೇಳೋರು ಬೇರೆ ಇದಾರೆ," ಎಂದಿದ್ದಳು.

ಐನೆಜ್ ಹಾಗೆಯೇ. ಊರು ಬಿಟ್ಟು ನಲವತ್ತು ವರ್ಷವಾಗಿ ಇಲ್ಲಿನ ನಡವಳಿಕೆಯೆಲ್ಲ ಅವಳಿಗೆ ಮರೆತೇಹೋಗಿದೆ. ಒಮ್ಮೆ ಆರ್ಡಿಸ್ ಅವಳ ಮನೆಗೆ ಹೋದಾಗ "ಕಾಫಿ ಬೇಕಾ?" ಎಂದು ಕೇಳಿದಳು. "ಬೇಡ, ನಿಂಗ್ಯಾಕೆ ತೊಂದರೆ," ಎಂದಳು ಇವಳು. ನಾರ್ಡಾಲಿನಲ್ಲಾದರೆ ಇನ್ನೊಮ್ಮೆ ಕೇಳುತ್ತಾರೆ, ಇನ್ನೊಮ್ಮೆ ಬೇಡ ಎನ್ನಬೇಕು. ಮೂರನೆಯ ಸಲ ಕೇಳಿದಾಗ "ಸರಿ, ಒಂದು ಗುಟುಕು" ಎಂದು ಬಟ್ಟಲು ಮುಂದೆ ಹಿಡಿಯಬೇಕು. ಮೊದಲನೆಯ ಸಲಕ್ಕೇ ಹೂಂ ಅಂದವರು ಹೊಟ್ಟೆಬಾಕರು, ಎರಡೇ ಸಲ ಕೇಳಿ ಸುಮ್ಮನಾದವರು ಜಿಪುಣರು. ಐನೆಜ್ ಒಂದೇ ಸಲ ಕೇಳಿ, ಕಾಫಿಯನ್ನೆಲ್ಲ ತನ್ನ ಬಟ್ಟಲಿಗೆ ಬಗ್ಗಿಸಿಕೊಂಡು ಕೂತಳು. ಆರ್ಡಿಸ್ ಮಧ್ಯಾಹ್ನದವರೆಗೆ ತಲೆನೋವು ಹಿಡಿದುಕೊಂಡು ಉಗುಳು ನುಂಗಿದಳು.

ಮಾರ್ಚ್ ತಿಂಗಳಲ್ಲಿ ಸಮುದಾಯ ನಿಧಿಯಿಂದ ಕಿರ್ಸ್ಟನ್ ಎಂಬ ಹುಡುಗಿ ಫೋನ್ ಮಾಡಿದಳು. ಕಚೇರಿಯಲ್ಲಿ ಅರ್ಜಿಗಳನ್ನು ನೋಡಿಕೊಳ್ಳುವವಳು ಅವಳು. "ಆರ್ಡಿಸ್ ಅವ್ರೇ, ಸಮಿತಿಯವರಿಗೆ ನಿಮ್ಮ ಕೆಲಸ ತುಂಬಾ ಹಿಡಿಸಿಬಿಟ್ಟಿದೆ. ಮಂಗಳವಾರ ಖುದ್ದಾಗಿ ನೋಡೋಕೆ ಬರ್ತೀವಿ. ವ್ಯಾನಲ್ಲಿ ಹೋಗಿಬರೋರು ಒಬ್ರು ಇದ್ದು ನಾಲ್ಕು ಮಾತಾಡಿದ್ರೆ ಚೆನ್ನಾಗಿರತ್ತೆ."

"ಡ್ರೈವರ್ ಸಂಬಳದ ವಿಷಯ ಏನಾಯ್ತಮ್ಮ?"

"ಅದೆಲ್ಲ ನಮ್ಮ ಅಧ್ಯಕ್ಷರು ಡ್ವೇನ್ ಅವ್ರೇ ಮಾತಾಡ್ತಾರಂತೆ," ಎಂದು ಹುಡುಗಿ ಜಾರಿಕೊಂಡಳು.

ಮಂಗಳವಾರ ಡಯಾಲಿಸಿಸ್ ಮುಗಿಸಿಕೊಂಡು ಬರುವಾಗ ಆರ್ಡಿಸ್ ಉಳಿದವರನ್ನೆಲ್ಲ ಮನೆಗಳಲ್ಲಿ ಇಳಿಸಿ ಲೀಲಂಡ್ ಬ್ರೆಕ್ಕಿಯವರನ್ನು ಮಾತ್ರ ಚರ್ಚಿಗೆ ಕರೆದುಕೊಂಡು ಬಂದಳು. ಅವರು ಶಾಲೆಯ ಬ್ಯಾಂಡ್ ಮೇಷ್ಟ್ರಾಗಿದ್ದವರು. ಅರ್ಧ ಊರಿಗೆ ತುತ್ತೂರಿ ಹಿಡಿಯುವುದನ್ನು, ಆರ್ಡಿಸಳಿಗೆ ಕ್ಲಾರಿನೆಟ್ ಊದುವುದನ್ನು ಕಲಿಸಿದವರು. ಕಣ್ಣು ಮಂಜಾಗಿ ಲೈಸೆನ್ಸ್ ಹೋಗಿತ್ತು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಸಮಿತಿಗೆಂದು ಮಾಡಿದ್ದ ನಿಂಬೆಯ ಸಿಹಿತುಂಡುಗಳ ಡಬ್ಬಿಯನ್ನು ಅವಳು ಅವರ ಮುಂದೆ ಹಿಡಿದಳು.

"ತಗೊಳ್ಳಿ ಮೇಷ್ಟ್ರೇ."

"ಬೇಡಮ್ಮ, ಬರೋರಿಗೆ ಇರ್ಲಿ."

"ಬೇಕಾದಷ್ಟಿದೆ, ತಗೊಳ್ಳಿ."

"ನಂಗೆ ಹಸಿವೇ ಇಲ್ಲ ಕಣೆ."

"ಒಂದೇ ಒಂದು."

ಮೇಷ್ಟ್ರು ಎರಡು ತೆಗೆದುಕೊಂಡರು.

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಯ ದೊಡ್ಡ ಪಾತ್ರೆ ಗುಳುಗುಳು ಎನ್ನುತ್ತಿತ್ತು. ಸಮಿತಿಯ ಅಧ್ಯಕ್ಷ ಡ್ವೇನ್ ಹಾಗನ್ ಆರ್ಡಿಸಳ ಸಹಪಾಠಿ, ನಿವೃತ್ತ ಹಲ್ಲು ಡಾಕ್ಟರು. ಜನ ಬೇಡ ಬೇಡ ಎನ್ನುತ್ತಲೇ ಬಾಯಿ ತೆರೆಯುತ್ತಾರೆ ಎಂಬುದನ್ನು ಹಲ್ಲು ಕಿತ್ತು ಕಿತ್ತು ಕಂಡುಕೊಂಡವನು.

"ನೋಡು ಆರ್ಡಿಸ್, ಸಂಬಳಕ್ಕೆ ನಾವು ಕೊಡಲ್ಲ. ಅದು ನಿಯಮ. ನಮ್ಮ ದುಡ್ಡು ಮುಗಿದ ದಿನ ಡ್ರೈವರ್ ಮನೆಗೆ ಹೋಗ್ತಾನೆ, ಆಮೇಲೇನು? ಆದ್ರೆ ಹೊಸ ವ್ಯಾನ್ ಕೊಡ್ತೀವಿ. ಗಾಲಿಕುರ್ಚಿನ ಅನಾಮತ್ತಾಗಿ ಎತ್ಕೊಳ್ಳೋ ಲಿಫ್ಟ್ ಇರೋದು! ಮೂರು ವರ್ಷದ ಪೆಟ್ರೋಲು, ವಿಮೆ, ಎಲ್ಲಾ ನಮ್ದೇ. ಮೂರು ವರ್ಷ ನೀನೇ ನಡೆಸ್ತೀಯ ಅಂತ ಒಂದು ಮಾತು ಕೊಟ್ಬಿಡು, ಸಾಕು."

ಆರ್ಡಿಸ್ ಕೇಳಿದ್ದು ವ್ಯಾನಿನಿಂದ ಇಳಿಯುವುದಕ್ಕೆ ದಾರಿ. ಇವರು ಕೊಡಲು ಬಂದಿರುವುದು ಇನ್ನೊಂದು ವ್ಯಾನು.

"ನನ್ನ ಕೈಲಿ ಆಗಲ್ಲ ಡ್ವೇನ್."

ಡ್ವೇನ್ ಹೊಟ್ಟೆ ಕುಣಿಸಿ ನಕ್ಕ. "ನಾನ್ ಹೇಳ್ಲಿಲ್ವಾ ಕಿರ್ಸ್ಟನ್? ಮೊದಲನೇ ಸಲಕ್ಕೇ ಒಪ್ಕೊಂಡ್ರೆ ಅವಳು ಆರ್ಡಿಸೇ ಅಲ್ಲ. ಏನಮ್ಮಾ, ಊರಿಗೋಸ್ಕರ ಇಷ್ಟು ಮಾಡಲ್ವಾ?"

ಅವಳಿಗೆ ಸಿಟ್ಟು ಬಂತು. ಸಾಕಾಗಿಹೋಗಿದೆ, ಹೆದರಿಕೆಯಾಗುತ್ತದೆ, ನನ್ನನ್ನು ಬಿಟ್ಟುಬಿಡಿ ಎಂಬುದೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಬಾಯಿಂದ ಹೊರಬಿದ್ದದ್ದು ಮಾತ್ರ ಹುಟ್ಟಿದಂದಿನಿಂದ ಕೇಳಿಕೊಂಡು ಬಂದ ಮಾತು.

"ಬೇಡ ಡ್ವೇನ್. ನನಗಿಂತ ಚೆನ್ನಾಗಿ ಮಾಡೋರು ಎಷ್ಟೋ ಜನ ಇದಾರೆ."

ಸಮಿತಿಯವರೆಲ್ಲ ತಲೆದೂಗಿದರು. ಕಿರ್ಸ್ಟನ್ ಕಣ್ಣು ಒರೆಸಿಕೊಂಡಳು. ಇಂಥ ವಿನಯಕ್ಕಲ್ಲದೆ ಇನ್ಯಾತಕ್ಕೆ ದುಡ್ಡು ಕೊಡಬೇಕು ಎಂದು ಎಲ್ಲರ ಮುಖದಲ್ಲೂ ಬರೆದಿತ್ತು. ಬೇಡ ಎಂದಷ್ಟೂ ತಾನೇ ಹಗ್ಗ ಬಿಗಿದುಕೊಳ್ಳುತ್ತಿದ್ದೇನೆ ಎಂದು ಆರ್ಡಿಸಳಿಗೆ ಆಗ ಗೊತ್ತಾಯಿತು.

"ಕಡೇ ಸಲ ಕೇಳ್ತಿದೀನಿ," ಎಂದ ಡ್ವೇನ್ ಮೆತ್ತಗೆ. "ಹೂಂ ಅಂತೀಯಾ?"

ಈ ಸಲ ನೇರವಾಗಿ ಹೇಳಬೇಕು. ತಂಗಿಯ ಹತ್ತಿರ ಹೋಗುತ್ತಿದ್ದೇನೆ, ಮೇ ತಿಂಗಳಿಗೆ ನಾನಿಲ್ಲಿ ಇರುವುದಿಲ್ಲ. ಅಷ್ಟೇ. ಅವಳು ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಮೇಷ್ಟ್ರು ಮಾತಾಡಿದರು. ಸೂಜಿ ಚುಚ್ಚಿದ ಮೊಣಕೈಗೆ ಆಸ್ಪತ್ರೆಯಲ್ಲಿ ಕಟ್ಟಿದ್ದ ಪಟ್ಟಿಯ ಮೇಲೆ ಕೋಟಿನ ತೋಳು ಎಳೆದುಕೊಳ್ಳುತ್ತಿದ್ದರು.

"ನನ್ನ ಮುಖ ನೋಡ್ಬೇಡ ಕಣಮ್ಮ. ನಂಗೋಸ್ಕರ ಏನೂ ಬೇಡ. ನಾನು ಹೇಗೋ ಹೋಗಿಬರ್ತೀನಿ."

ಹೇಗೋ ಅಂದರೆ ಹೇಗೆ? ಆ ದಾರಿಗೆ ಬಸ್ಸಿಲ್ಲ. ನಡೆದು ಹೋಗುವ ದೂರವಲ್ಲ. ಹೋಗದಿದ್ದರೆ ಎರಡು ವಾರ ಬದುಕುವ ದೇಹವೂ ಅಲ್ಲ. ಸಿಹಿತುಂಡು ಬೇಡವೆಂದ ದನಿಯಲ್ಲೇ ಮೇಷ್ಟ್ರು ಇದನ್ನೂ ಬೇಡ ಎಂದಿದ್ದರು. ಡ್ವೇನನ ಕಿವಿಗೆ ತನ್ನ ಬೇಡ ಹೇಗೆ ಕೇಳಿಸಿತೋ, ತನ್ನ ಕಿವಿಗೆ ಮೇಷ್ಟ್ರ ಬೇಡವೂ ಹಾಗೆಯೇ ಕೇಳಿಸಿತು. ಅವಳೂ ಇದೇ ಊರಿನವಳಲ್ಲವೇ? ಬೇರೆ ಥರ ಕೇಳಿಸಿಕೊಳ್ಳಲು ಅವಳಿಗೆ ಯಾರೂ ಕಲಿಸಿರಲಿಲ್ಲ.

"ಹೂಂ," ಎಂದಳು ಆರ್ಡಿಸ್.

ಎಲ್ಲರೂ ಚಪ್ಪಾಳೆ ತಟ್ಟಿದರು. ಡಬ್ಬಿ ಸುತ್ತು ಹೊರಟಿತು. ಕೊನೆಯ ಸಿಹಿತುಂಡನ್ನು ಯಾರೂ ಪೂರ್ತಿ ತೆಗೆದುಕೊಳ್ಳಲಿಲ್ಲ. ಅದು ಅರ್ಧವಾಗಿ, ಅರ್ಧದಲ್ಲಿ ಅರ್ಧವಾಗಿ ಡಬ್ಬಿಯಲ್ಲೇ ಉಳಿಯಿತು.

ಏಪ್ರಿಲ್‌ನ ಒಂದು ಶನಿವಾರ, ಚರ್ಚಿನಲ್ಲಿ ದೋಸೆಯಗಲದ ಪ್ಯಾನ್‌ಕೇಕ್ ಬಡಿಸುತ್ತಿದ್ದಾಗ, ಸಮಿತಿಯವರು ಬಾಗಿಲಗಲದ ರಟ್ಟಿನ ಚೆಕ್ಕನ್ನು ಅವಳ ಕೈಗಿತ್ತು ಫೋಟೋ ಹಿಡಿದರು. ನಿಜವಾದ ಚೆಕ್ಕು ಅಂಚೆಯಲ್ಲಿ ಬರುತ್ತದೆ. ಇದು ಬರೀ ಪ್ರದರ್ಶನಕ್ಕೆ. ಅಲ್ಲೇ ಬಿಟ್ಟು ಬಂದರೆ ಕೊಟ್ಟವರು ನೊಂದುಕೊಳ್ಳುತ್ತಾರಲ್ಲ. ಹೇಗೆ ತಿರುಗಿಸಿದರೂ ವ್ಯಾನಿನ ಬಾಗಿಲಲ್ಲಿ ತೂರಲೊಲ್ಲದು. ಡ್ವೇನನೇ ಬಂದು ಅಡ್ಡ ಬಗ್ಗಿಸಿ ಸೀಟುಗಳ ನಡುವೆ ತುರುಕಿದ. ಮನೆ ಮುಟ್ಟುವವರೆಗೂ ಅವಳಿಗೆ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಿಸಲಿಲ್ಲ.

ಆ ಚೆಕ್ಕನ್ನು ಅಡುಗೆಮನೆಯಲ್ಲಿ ಫ್ರಿಜ್ಜಿಗೆ ಒರಗಿಸಿ, ಕೋಟು ಬಿಚ್ಚುವ ಮೊದಲೇ ಅವಳು ತಂಗಿಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು. ಐನೆಜ್ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು.

"ಹಾಗಾದ್ರೆ ನೀನು ಬರಲ್ವಾ ಅಕ್ಕಾ?"

"ಹೇಗೆ ಬರ್ಲಿ ಕಣೆ? ಆಗಲ್ಲ."

"ಮೇಲಿನ ಕೋಣೆಗೆ ಬಣ್ಣನೂ ಹೊಡೆಸಿದೀನಿ. ಕಿಟಕಿ ಹತ್ರ ನಿಂಗೆ ಅಂತ ಕುರ್ಚಿ ಹಾಕಿದೀನಿ. ನಿಜವಾಗ್ಲೂ ಬೇಡ್ವಾ?"

ಕಿಟಕಿಯ ಹತ್ತಿರ ಕುರ್ಚಿ. ಆರ್ಡಿಸಳ ಕಣ್ಣು ತುಂಬಿ ಬಂತು.

"ಬೇಡ ಬಿಡು. ನಿಂಗ್ಯಾಕೆ ತೊಂದರೆ," ಎಂದಳು.

ಹಾಗೆಂದು ಫೋನನ್ನು ಕಿವಿಗೆ ಒತ್ತಿಕೊಂಡು ಕಾದಳು. ಇನ್ನೊಂದೇ ಒಂದು ಸಲ ಕೇಳಲಿ. ಕೇಳಿದರೆ ಹೂಂ ಅಂದುಬಿಡುತ್ತೇನೆ. ಚೆಕ್ಕು ವಾಪಸು ಹೋಗಲಿ, ಡ್ವೇನ್ ಮುಖ ಊದಿಸಿಕೊಳ್ಳಲಿ, ಮೇಷ್ಟ್ರನ್ನು ಕರೆದೊಯ್ಯಲು ಊರಿಗೆ ಊರೇ ಇದೆ, ಬೆನ್ನುನೋವು ಕಟ್ಟಿಕೊಂಡೇ ಓಡಿಸಲಿ. ಹೂಂ ಎಂಬುದು ಗಂಟಲಿನವರೆಗೆ ಬಂದು ನಿಂತಿತ್ತು.

"ಸರಿ ಹಾಗಾದ್ರೆ," ಎಂದಳು ಐನೆಜ್. ದನಿಯಲ್ಲಿ ಕೋಪವೇನೂ ಇರಲಿಲ್ಲ. "ಪಾಲು ಕೇಳಿದ್ದೋರಿಗೆ ಈಗ್ಲೇ ಹೇಳಿಬಿಡ್ತೀನಿ. ಪಾಪ, ಕಾಯ್ತಾ ಕೂತಿದಾರೆ."

ಆ ಕಡೆ ಫೋನ್ ಇಟ್ಟ ಸದ್ದಾಯಿತು. ಆರ್ಡಿಸ್ ಬಹಳ ಹೊತ್ತಿನವರೆಗೆ ತನ್ನ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.