ಏಳನೆಯ ಕಪ್ಪು ಗುಂಡಿ

ಟೈಲರು ಮೇಜಿನ ಸುತ್ತ ಬಂದು ಒಬ್ಬೊಬ್ಬರ ಕೈಗೂ ಎರಡೆರಡು ಗುಂಡಿ ಕೊಟ್ಟರು, ಒಂದು ಬಿಳಿ, ಒಂದು ಕಪ್ಪು. ಪಾಸ್ಟರಮ್ಮನ ಹತ್ತಿರ ಬಂದಾಗ ಮಾತ್ರ ಡಬ್ಬಿಯೊಳಗೆ ಸ್ವಲ್ಪ ಹೊತ್ತು ತಡಕಾಡಿದರು. ಅವಳು ಕೈ ಚಾಚಿಕೊಂಡೇ ಕೂತಿದ್ದಳು. ಗಂಡ ತೀರಿಕೊಂಡ ಈ ಎಂಟು ತಿಂಗಳಿಂದ ಅವಳದು ಹೀಗೇ. ಕೂತ್ಕೊಳ್ಳಿ ಅಂದರೆ ಕೂರುವುದು, ಉಣ್ಣಿ ಅಂದರೆ ಉಣ್ಣುವುದು. ಉಂಡದ್ದು ಉಪ್ಪೋ ಸಪ್ಪೆಯೋ ತಿಳಿಯುತ್ತಿರಲಿಲ್ಲ. ಅತ್ತಿರಲೂ ಇಲ್ಲ.

ಆ ಚರ್ಚಿನ ಸಭೆಯಲ್ಲಿ ಪಾಸ್ಟರನ್ನು ಆರಿಸುವ ಕ್ರಮವೇ ಗುಂಡಿಯದು. ಕೈ ಎತ್ತಿ ಅಂದರೆ ಪಕ್ಕದವರ ಮುಖ ನೋಡಿ ಎತ್ತುತ್ತಾರೆ, ಚೀಟಿ ಬರೆಯಿರಿ ಅಂದರೆ ಅಕ್ಷರದ ಗುರುತು ಹಿಡಿಯುತ್ತಾರೆ. ಅದಕ್ಕೇ ಹಿಂದಿನ ಯಾರೋ ಜಾಣರು ಕಾಣಿಕೆ ಎತ್ತುವ ಮಖಮಲ್ಲಿನ ಚೀಲವನ್ನೇ ಇದಕ್ಕೂ ಗೊತ್ತು ಮಾಡಿದ್ದರು. ಮುಷ್ಟಿ ಒಳಗಿಟ್ಟು ಬಿಟ್ಟರೆ ಮುಗಿಯಿತು. ಸಮಿತಿಯ ಏಳು ಜನರ, ಈಗ ಪಾಸ್ಟರಮ್ಮನೂ ಅದರಲ್ಲೊಬ್ಬಳು, ಏಳೂ ಗುಂಡಿ ಬಿಳಿ ಬಿದ್ದರೆ ಬಂದವರು ಪಾಸ್ಟರು. ಒಂದೇ ಒಂದು ಕಪ್ಪು ಕಂಡರೂ ಗಂಟುಮೂಟೆ ಕಟ್ಟಬೇಕು. "ನಂಗೆ ಹೆಂಡತಿ ಸಿಕ್ಕಿದ್ದು ಸಲೀಸು, ಈ ಸಭೆ ಸಿಕ್ಕಿದ್ದೇ ಕಷ್ಟ" ಎಂದು ಗಂಡ ನಗುತ್ತಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಅವರಿಗೂ ಏಳು ಬಿಳಿ ಬಿದ್ದಿದ್ದವು.

ಈ ಸಲ ಪಾಸ್ಟರ ಜಾಗಕ್ಕೆ ಬಂದವರಲ್ಲಿ ಉಳಿದವರು ಇಬ್ಬರು. ಒಬ್ಬರದು ಕಂಚಿನ ಕಂಠ, ಎರಡು ಬೀದಿ ಆಚೆ ಸ್ವಂತ ಮನೆ. ಪಾಸ್ಟರಮ್ಮ ಇರುವಷ್ಟು ಕಾಲ ಪಾಸ್ಟರ ಮನೆಯಲ್ಲೇ ಇರಲಿ, ನಮಗೇನೂ ಬೇಡ ಎಂದು ಅವರಾಗಿಯೇ ಹೇಳಿದ್ದರು. ಇನ್ನೊಬ್ಬರು ಸಣಕಲು ಮನುಷ್ಯ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಅತ್ತೆ. ಅವರು ಬಂದರೆ ಮನೆ ಬಿಡಬೇಕು. ಇವತ್ತು ಗುಂಡಿ ಬೀಳಬೇಕಾದದ್ದು ಈ ಸಣಕಲರ ಹೆಸರಿಗೆ. ಅವರು ಬಿದ್ದುಹೋದರೆ ಕಂಚಿನ ಕಂಠದವರೇ ಗತಿ.

ಹೋದ ಭಾನುವಾರ ಸಣಕಲರು ಇದೇ ಮೇಜಿನ ಆ ತುದಿಯಲ್ಲಿ ಕೂತಿದ್ದರು. ಸಮಿತಿಯ ಮುಖ್ಯಸ್ಥರಾದ ಮೇಷ್ಟ್ರು ತಾವು ಮೂರು ಸಲ ತಿದ್ದಿ ಬರೆದ ಕಾಗದವನ್ನು ಓದಿದ್ದರು: ಹೊರಗಿನವರ ಕಡೆ ಮುಖ ಮಾಡಿದ ಸಭೆಯನ್ನು ಕಟ್ಟಬಲ್ಲವರು ಬೇಕು. ಓದಿ, ಹೇಗೆ ಎಂಬಂತೆ ಕನ್ನಡಕದ ಮೇಲಿಂದ ನೋಡಿದ್ದರು.

"ಹೊರಗಿನವರು ಅಂದ್ರೆ ಯಾರು ಸಾರ್?" ಎಂದರು ಸಣಕಲರು.

ಮೇಷ್ಟ್ರು ಬಡವರು, ರೋಗಿಗಳು, ಸೆರೆಮನೆಯಲ್ಲಿರುವವರು ಎಂದೆಲ್ಲ ಹೇಳಿದರು. ಸಣಕಲರು ತಲೆಯಾಡಿಸಿದರು. ಬರುವಾಗ ಸೈಕಲ್ ಪಂಕ್ಚರಾಯಿತು, ಪಕ್ಕದ ಸಣ್ಣ ಗೇಟಿನ ಆಚೆಯ ಪಂಕ್ಚರ್ ಅಂಗಡಿಯಲ್ಲಿ ಒಂದು ಗಂಟೆ ಕೂತಿದ್ದೆ ಎಂದರು.

"ಟ್ಯೂಬ್ ಅದ್ದೋ ನೀರು ಇಪ್ಪತ್ತು ವರ್ಷದಿಂದ ಈ ಕಾಂಪೌಂಡಿನ ಮನೆಯಿಂದಾನೇ ಅಂತೆ. ಆ ಮನೆಯಮ್ಮ ಬಹಳ ಒಳ್ಳೆಯವರು, ಒಂದಿನಾನೂ ಇಲ್ಲ ಅಂದಿಲ್ಲ ಅಂದ್ರು. ಒಳಗೆ ಹೇಗಿದೆ ಅಂತ ಕೇಳ್ದೆ. ಗೊತ್ತಿಲ್ಲ, ಬಕೆಟ್ ಗೇಟಿನ ಮೇಲಿಂದಾನೇ ಬರುತ್ತೆ ಅಂದ್ರು. ಬಂದ್ರೆ ಮೊದ್ಲು ಆ ಗೇಟ್ ತೆಗೀತೀನಿ ಸಾರ್. ಆಮೇಲಿಂದು ಆಮೇಲೆ."

ಆ ಮನೆಯಮ್ಮ ಎದುರಿಗೇ ಕೂತಿದ್ದಾಳೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಉಳಿದ ಆರು ಜನ ಮೇಜು ನೋಡಿದರು. ಅವಳಿಗೆ ಏನೂ ಅನ್ನಿಸಲಿಲ್ಲ. ತುಂಬಿದ ಬಕೆಟನ್ನು ಎದೆಯೆತ್ತರದ ಗೇಟಿನಾಚೆ ದಾಟಿಸಿ ದಾಟಿಸಿ ಬಲ ಭುಜ ನೋಯುತ್ತಿತ್ತು ಅನ್ನುವುದು ನೆನಪಾಯಿತು, ಅಷ್ಟೆ. ಗಂಡನ ಹೆಣ ಎತ್ತಿದ ದಿನ ಅಂಗಡಿಯವನು ಕೈ ತೊಳೆದುಕೊಂಡು, ಟೋಪಿ ತೆಗೆದು ಆ ಗೇಟಿನ ಆಚೆಯೇ ನಿಂತಿದ್ದ. ಅವಳು ಕಿಟಕಿಯಿಂದ ನೋಡಿದ್ದಳು. ನೋಡಿಯೂ ಕರೆಯಲಿಲ್ಲ.

ಇವತ್ತು ಮೇಷ್ಟ್ರು ಚೀಲವನ್ನು ಕೈಗೆತ್ತಿಕೊಂಡು ಅವಳ ಕಡೆ ಬಾಗಿದರು. "ನಿಮ್ಮ ಮನಸ್ಸಿಗೆ ಬಂದ ಹಾಗೆ ಹಾಕಿ, ಅಮ್ಮ. ಯಾರೂ ತಪ್ಪು ತಿಳ್ಕೊಳ್ಳಲ್ಲ."

ಅಂದರೆ ಕಪ್ಪು ಹಾಕಿ ಅಂತ. ಉಳಿದ ಆರೂ ಜನ ಸಣಕಲರನ್ನೇ ಮೆಚ್ಚಿದ್ದರು, ಆದರೆ ಅವಳನ್ನು ಮನೆ ಬಿಡಿಸಿದ ಹೆಸರು ಯಾರಿಗೂ ಬೇಕಿರಲಿಲ್ಲ. ಹಾಗೇನಾದರೂ ಆದರೆ ಇರಲೆಂದು ಅವಳ ತಂಗಿ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಅರ್ಧ ಬೀರು ಖಾಲಿ ಮಾಡಿ ಇಟ್ಟಿದ್ದಳು. ಅರ್ಧ ಬೀರು. ಇಲ್ಲಿ ಕಿಟಕಿ ಪಕ್ಕದ ಮಂಚ ಇತ್ತು, ಗಂಡ ತಲೆಯಿಟ್ಟು ಗೋಡೆಗೆ ಎಣ್ಣೆಯ ಕಲೆ ಮಾಡಿದ್ದ ಜಾಗ ಇತ್ತು.

ಮೇಜಿನ ಕೆಳಗೆ ಅವಳು ಬೆರಳಲ್ಲಿ ಗುಂಡಿಗಳನ್ನು ಸವರಿದಳು. ಎಡಗೈಯದು ಬಿಳಿ, ತೆಳ್ಳಗಿತ್ತು. ಬಲಗೈಯ ಕಪ್ಪು ದಪ್ಪ, ನಾಲ್ಕು ತೂತು, ಒಂದು ಕಡೆ ಅಂಚು ಹಾರಿತ್ತು. ಆ ಅಂಚು ಬಾಗಿಲಿಗೆ ಸಿಕ್ಕಿ ಹಾರಿದ್ದು ಅವಳಿಗೆ ಗೊತ್ತಿತ್ತು, ಮತ್ತೆ ಹೊಲಿದವಳು ಅವಳೇ. ಹೋದ ತಿಂಗಳು ಗಂಡನ ಕೋಟನ್ನು, ಯಾರಿಗಾದರೂ ಆದೀತು ಎಂದು ಟೈಲರಿಗೆ ಕೊಟ್ಟಿದ್ದಳು. ಡಬ್ಬಿಯಲ್ಲಿ ಒಂದು ಕಪ್ಪು ಗುಂಡಿ ಕಡಿಮೆ ಬಂದಿರಬೇಕು. ಕೈಗೆ ಸಿಕ್ಕಿದ ಆ ಕೋಟಿನದನ್ನೇ ಟೈಲರು ಕಿತ್ತು ಹಾಕಿಕೊಂಡಿದ್ದರು, ಅಷ್ಟೆ.

ಚೀಲ ಬಂತು. ಅವಳು ಎಡಗೈ ಒಳಗಿಟ್ಟು, ಬಿಟ್ಟು, ತೆಗೆದಳು. ಏನಾದರೂ ಅನ್ನಿಸೀತೇನೋ ಎಂದು ಸ್ವಲ್ಪ ಕಾದಳು. ಏನೂ ಅನ್ನಿಸಲಿಲ್ಲ.

ಮೇಜಿನ ಮೇಲೆ ಏಳು ಬಿಳಿ ಗುಂಡಿ ಉರುಳಿದವು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು. ಟೈಲರು ಉಳಿದ ಕಪ್ಪು ಗುಂಡಿಗಳನ್ನು ವಾಪಸು ಎತ್ತಿಕೊಂಡು ಎಣಿಸಿದರೆ ಆರೇ. ಮೇಜಿನ ಕೆಳಗೆ ಬಗ್ಗಿ ಹುಡುಕಿದರು. ಎದ್ದು ನಿಂತಾಗ ಅವಳ ಬಿಗಿದ ಬಲ ಮುಷ್ಟಿ ಕಣ್ಣಿಗೆ ಬಿತ್ತು. ಅದು ಯಾವ ಗುಂಡಿಯೆಂದು ಹೊಳೆದು ಅವರ ಮುಖ ಕಪ್ಪಿಟ್ಟಿತು.

"ಬಿಡಿ, ಎಲ್ಲೋ ಬಿದ್ದಿರ್ಬೇಕು" ಎಂದು ಡಬ್ಬಿ ಮುಚ್ಚಿದರು.

ಅವಳು ಮನೆಯ ಕಡೆ ಬಂದಾಗ ಸಣ್ಣ ಗೇಟಿನ ಮೇಲೆ ಖಾಲಿ ಬಕೆಟ್ ಕಂಡಿತು, ಅದರ ಹಿಂದೆ ಅಂಗಡಿಯವನ ಟೋಪಿ.

"ಅಕ್ಕಾ, ಸ್ವಲ್ಪ ನೀರು."

ಅವಳು ಅಭ್ಯಾಸದಂತೆ ಬಕೆಟಿಗೆ ಕೈ ಚಾಚಿದವಳು ಅಲ್ಲೇ ನಿಂತಳು. ಆಮೇಲೆ ಬಗ್ಗಿ ಚಿಲಕ ಹಿಡಿದಳು. ತುಕ್ಕು ತಿಂದು ಕೂತಿತ್ತು, ಒಂದು ಕೈಗೆ ಜಗ್ಗಲಿಲ್ಲ. ಬಲಗೈ ಖಾಲಿ ಮಾಡಿಕೊಳ್ಳಲು ಗುಂಡಿಯನ್ನು ಬಾಯಲ್ಲಿಟ್ಟುಕೊಂಡಳು. ಬಟ್ಟೆಪೆಟ್ಟಿಗೆಯ ನುಸಿಗುಳಿಗೆಯ ರುಚಿ, ಅದರ ಹಿಂದೆ ಬೆವರಿನ ಉಪ್ಪು. ಎರಡೂ ಕೈಯಲ್ಲಿ ಎಳೆದಳು. ಕಿರ್ರೆಂದು ಚಿಲಕ ಸರಿಯಿತು. ಗೇಟು ಒಂದು ಗೇಣು ತೆರೆದು ಸಿಕ್ಕಿಕೊಂಡಾಗ ಅವನು ಆಚೆಯಿಂದ ತಳ್ಳಿದ.

ತಳ್ಳಿದವನು ಅಲ್ಲೇ ನಿಂತು ಎಣ್ಣೆಯ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ, ಅವಳ ಮುಖ ನೋಡಿದ. ಬಾಯಲ್ಲಿ ಗುಂಡಿ ಇದ್ದುದರಿಂದ ಬಾ ಎನ್ನಲು ಅವಳಿಗಾಗಲಿಲ್ಲ. ಪಕ್ಕಕ್ಕೆ ಸರಿದು ನಿಂತು, ನಲ್ಲಿಯ ಕಡೆ ಕೈ ತೋರಿಸಿದಳು.