ಒಂಬತ್ತು ಪಾದದ ಅಳತೆ

ಕುಣಿ ತೋಡುವವರು ಅಳತೆಗೆ ಪಾದ ಕೇಳಿ ಕಳಿಸಿದಾಗ ಈಶಪ್ಪ ಹಿಂದೆ ಮುಂದೆ ನೋಡದೆ, ಗೂಟಕ್ಕೆ ತೂಗುಹಾಕಿದ್ದ ಸತ್ತ ತಮ್ಮ ಚನಬಸಪ್ಪನ ಕಟ್ಟಿಗೆ ಕಾಲನ್ನೇ ತೆಗೆದು ಕೊಟ್ಟುಬಿಟ್ಟ. ಸತ್ತವರ ಪಾದದಿಂದ ಒಂಬತ್ತು ಪಾದ ಉದ್ದ, ಐದು ಪಾದ ಅಗಲ ಅಳೆದು ಕುಣಿ ತೆಗೆಯುವುದು ಅವರ ಮನೆತನದ ರೂಢಿ. ದಾರ ಹಿಡಿದು ಹೆಣದ ಪಾದ ಅಳೆಯುವುದಕ್ಕಿಂತ ಪಾದವೇ ಹೊಲಕ್ಕೆ ನಡೆದು ಬಂದರೆ ಯಾರಿಗೆ ಬೇಡ? ಚನಬಸಪ್ಪನ ಹೆಂಡತಿ ಗುರುಬಸವ್ವನಿಗೆ ಇದು ತಿಳಿದದ್ದು ಅರ್ಧ ಕುಣಿ ಆದ ಮೇಲೆ.

"ಭಾವಾರ, ಅದು ಅವರ ಪಾದ ಅಲ್ರಿ," ಎಂದಳು. ಚನಬಸಪ್ಪ ಪಡಸಾಲೆಯ ಗೋಡೆಗೆ ಒರಗಿ, ಮೈತುಂಬ ವಿಭೂತಿ ಹಚ್ಚಿಸಿಕೊಂಡು ಕುಳಿತಿದ್ದ. "ಪುಣೇದವರು ಮಾಡಿದ್ದು ಎರಡು ಬೆರಳು ಗಿಡ್ಡ ಐತಿ."

"ಎರಡು ಬೆರಳಿಗೆ ಏನಾಕ್ಕೈತಿ, ಗುರುಬಸವ್ವ?"

"ಒಂಬತ್ತು ಸಲ ಎರಡೆರಡು ಬೆರಳು ಅಂದ್ರ ಒಂದೂವರೆ ಗೇಣು ಆತು. ಇದ್ದಾಗಂತೂ ಇಕ್ಕಟ್ಟಿನ್ಯಾಗ ಇದ್ರು. ಅಲ್ಲೂ ಇಕ್ಕಟ್ಟೇನ್ರಿ?"

ಈಶಪ್ಪ ತಮ್ಮನ ಎಡಪಾದಕ್ಕೆ ದಾರ ಹಿಡಿದು ಅಳೆದು ಹೊಲಕ್ಕೆ ಕಳಿಸಿದ. ಹಳಿಯಾಳದ ಬೇಸಿಗೆಯಲ್ಲಿ ಆ ಕೆಂಪು ನೆಲ ಕಲ್ಲಾಗಿತ್ತು. ತೋಡುವವರು ಬೈದದ್ದು ಮನೆಗೆ ಕೇಳಿಸಲಿಲ್ಲ, ಅಷ್ಟೇ.

"ಕಾಲು ವಾಪಸ್ ತರಸ್ತೇನಿ," ಎಂದ ಈಶಪ್ಪ. "ಎತ್ತೂಕಿಂತ ಮೊದಲ ತೊಡಿಸಿಬಿಡೂಣು. ಇಂದೂರು ಹಳ್ಳಿ ಬೀಗರು ಬರಾಕತ್ತಾರ. ಅವರ ಮುಂದ ತಮ್ಮನ್ನ ಕುಂಟ ಮಾಡಿ ಕುಂದ್ರಸೂದು ಬ್ಯಾಡ."

"ಆ ಕಾಲು ಇನ್ನ ಅವರ ಮೈ ಮುಟ್ಟಂಗಿಲ್ರಿ."

"ಇಷ್ಟು ವರ್ಷ ಮುಟ್ಟಿದ್ದು ಇವತ್ತೇನು ಮೈಲಿಗಿ ಆತು?"

ಗುರುಬಸವ್ವ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು.

*

ಎಂಟು ವರ್ಷದ ಹಿಂದೆ ದಾಂಡೇಲಿಯ ಕಾಡಿನಲ್ಲಿ ಸಾಗವಾನಿ ದಿಮ್ಮಿ ಉರುಳಿ ಚನಬಸಪ್ಪನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಪುಣೆಯಲ್ಲಿ ಕಟ್ಟಿಗೆ ಕಾಲು ಮಾಡಿಕೊಟ್ಟರು. ಉಳಿದ ಮೋಟನ್ನು ತೊಗಲಿನ ಬಟ್ಟಲಿನಲ್ಲಿ ಇಳಿಸಿ ತೊಡೆಯ ತನಕ ಪಟ್ಟಿ ಬಿಗಿಯಬೇಕು. ಮೋಟಿಗೆ ಹಾಕಿಕೊಳ್ಳಲು ಉಣ್ಣೆಯ ಚೀಲ ಕೊಟ್ಟು, "ಯಾವಾಗಲೂ ಒಣಗಿರಬೇಕು" ಎಂದರಂತೆ ಅಲ್ಲಿಯ ಡಾಕ್ಟರು. ಪುಣ್ಯಾತ್ಮರು ಚೈತ್ರ ವೈಶಾಖದಲ್ಲಿ ಈ ಕಡೆ ಬಂದವರಲ್ಲ.

ಕಟ್ಟಿಗೆ ಡಿಪೋದಲ್ಲಿ ವಾಚಮನ್ ಕೆಲಸ ಸಿಕ್ಕಿತು. ದಿಮ್ಮಿಗಳ ನಡುವೆ ಹತ್ತು ಸುತ್ತು ಹಾಕುವಷ್ಟರಲ್ಲಿ ಬಟ್ಟಲಿನಲ್ಲಿ ಬೆವರು ನಿಂತು, ಹೆಜ್ಜೆಗೊಮ್ಮೆ ಪಚಕ್ ಅನ್ನುತ್ತಿತ್ತು. ಮೋಟು ಜಾರುತ್ತಿತ್ತು, ಉಜ್ಜುತ್ತಿತ್ತು, ಸುಲಿಯುತ್ತಿತ್ತು. ಗುರುಬಸವ್ವ ಹಳೆಯ ಧೋತರ ಹರಿದು ದಿನಕ್ಕೆ ಐದು ಚೀಲ ಹೊಲಿದಳು. ಐದೂ ಮಧ್ಯಾಹ್ನದೊಳಗೆ ತೊಯ್ಯುತ್ತಿದ್ದವು. ಪಟಿಕದ ನೀರು ಹಚ್ಚಿದರೆ ಉರಿ. ಒಮ್ಮೆ ಬೇಸತ್ತು ಚನಬಸಪ್ಪ ಮನೆಯ ವಿಭೂತಿಯನ್ನೇ ಪುಡಿ ಮಾಡಿ ಬಟ್ಟಲಿಗೆ ಸುರಿದುಕೊಂಡ. ಅದು ಬೆವರು ಕುಡಿದು ಗಟ್ಟಿಯಾಗಿ, ಸಂಜೆಯ ಹೊತ್ತಿಗೆ ಮೋಟಿನ ತುಂಬ ರಕ್ತ. ಮೇಲೆ ಊರ ಜಂಗಮರಾದ ಅಡಿವೆಯ್ಯಗಳಿಂದ ಬೈಗುಳ ಬೇರೆ: ಹಣೆಗೆ ಹಚ್ಚುವುದನ್ನು ಕಾಲಿಗೆ ಹಚ್ಚಿದರೆ ಶಿವ ಮೆಚ್ಚುತ್ತಾನೆಯೇ ಎಂದು. ಶಿವನಿಗೆ ಕಾಲು ಎರಡೂ ಇದ್ದವು, ಏನು ಬೇಕಾದರೂ ಮೆಚ್ಚದೆ ಇರಬಹುದಿತ್ತು.

ಉಳಿದದ್ದು ಒಂದೇ ಉಪಾಯ, ಗಳಿಗೆಗೊಮ್ಮೆ ಕಾಲು ಬಿಚ್ಚಿ ಮೋಟಿಗೆ ಗಾಳಿ ಆಡಿಸುವುದು. ಡಿಪೋದಲ್ಲಿ ಹಾಗೇ ಮಾಡುತ್ತಿದ್ದ. ಮಗಳು ಶಂಕ್ರವ್ವನನ್ನು ನೋಡಲು ಇಂದೂರಿನವರು ಬರುವ ದಿನ ಮಾತ್ರ ಅಣ್ಣ ಅಡ್ಡ ನಿಂತ. "ಅವರು ಇರೂತನಾ ಬಿಚ್ಚಬ್ಯಾಡ. ಅಪ್ಪ ಕುಂಟ ಅಂದ್ರ ಹುಡುಗೀದು ಏನರ ಐಬು ಹುಡುಕ್ತಾರ."

ಬೆಳಿಗ್ಗೆ ಬರಬೇಕಾದವರು ಬಸ್ಸು ತಪ್ಪಿ ಸಂಜೆ ಬಂದರು, ಉಳಿದರು, ಮರುದಿನ ಸಂಜೆ ಹೋದರು. ಚನಬಸಪ್ಪ ಎರಡು ದಿನ ಕಾಲು ಬಿಚ್ಚಲಿಲ್ಲ. "ಒಳಗ ಬಂದು ಒಂದ ಗಳಿಗಿ ಬಿಚ್ಚರಿ" ಎಂದು ಗುರುಬಸವ್ವ ಅಡುಗೆಮನೆಯಿಂದ ಕಣ್ಣಿನಲ್ಲಿ ಹೇಳಿದಳು. ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೂ ಮಗಳ ಮದುವೆ ಬೇಕಾಗಿತ್ತು. ಬೀಗರನ್ನು ಕಳಿಸಿ ಪಟ್ಟಿ ಬಿಚ್ಚಿದಾಗ ಚೀಲದ ಜೊತೆ ಚರ್ಮವೂ ಬಂತು. ದವಾಖಾನೆಗೆ ಒಯ್ಯುವ ಹೊತ್ತಿಗೆ ನಂಜು ತೊಡೆ ಏರಿತ್ತು. ಜ್ವರ ಹನ್ನೊಂದು ದಿನ ಸುಟ್ಟಿತು.

*

ಗಂಡಿನ ತಂದೆ ಅಂದಾನೆಪ್ಪ ಬಂದಾಗ ಈಶಪ್ಪ ಮಣ್ಣು ಮೆತ್ತಿದ ಕಾಲನ್ನು ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದ. ಬಚ್ಚಿಡಲು ಹೊತ್ತಿರಲಿಲ್ಲ.

"ಬೀಗರ, ಇದರ ಸುದ್ದಿ ನಿಮಗ ಹೇಳಿದ್ದಿಲ್ಲ..."

"ನಮಗ ಮೊದಲ ಗೊತ್ತಿತ್ರಿ," ಎಂದ ಅಂದಾನೆಪ್ಪ. "ನಮ್ಮ ಚಕ್ಕಡಿ ಆ ಡಿಪೋಕ್ಕ ಹೋಗತಾವು. ಒಂಟಿ ಕಾಲಿನ್ಯಾಗ ದುಡದು ಮನಿ ನಡಸ್ಯಾರ ಅಂತನ ಈ ಸಂಬಂಧ ಕೇಳಿದ್ವಿ. ಆವತ್ತ ಆ ಸೆಕಿಯೊಳಗ ಯಾಕ ಬಿಚ್ಚಿ ಕುಂದ್ರಲಿಲ್ಲೋ ಅಂತ ಹೋಗೂ ಹಾದ್ಯಾಗ ಮಾತಾಡಿಕೊಂಡ್ವಿ."

"ಹಂಗಾರ ಬಿಚ್ಚರಿ ಅಂತ ಒಂದ ಮಾತು ಅನ್ನಬೇಕಾಗಿತ್ತಿಲ್ರಿ?" ಗುರುಬಸವ್ವ ಕೇಳಿದಳು.

"ನೀವ ಮುಚ್ಚಿಟ್ಟಿದ್ದು ನಾವು ಹೆಂಗ ಅನ್ನೂದವ್ವ? ಮರ್ಯಾದಿ ಅಲ್ಲ."

ಗುರುಬಸವ್ವನಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಭಾವನ ಮೇಲೆ, ಬೀಗರ ಮೇಲೆ, ಹೂಂ ಅಂದು ಕುಳಿತ ಗಂಡನ ಮೇಲೆ, ಎಲ್ಲರಿಗಿಂತ ಹೆಚ್ಚು ತನ್ನ ಮೇಲೆ. ಎಲ್ಲರಿಗೂ ಗೊತ್ತಿದ್ದದ್ದನ್ನು ಎಲ್ಲರಿಂದ ಮುಚ್ಚಿಡಲು ಹೋಗಿ ಒಂದು ಜೀವ ಹೋಗಿತ್ತು.

"ತೊಡಸ್ತೀರೋ ಬಿಡತೀರೋ? ಹೊತ್ತಾಗಾಕತ್ತೈತಿ," ಎಂದರು ಅಡಿವೆಯ್ಯ.

ಈಶಪ್ಪ ಕಾಲನ್ನು ಗೋಡೆಗೆ ಆನಿಸಿಟ್ಟ. "ಬ್ಯಾಡ್ರಿ."

ಹೊಲದಲ್ಲಿ, ಕುಣಿಯ ಗೋಡೆಗೆ ಕೊರೆದ ಗೂಡಿನಲ್ಲಿ ಕೂರಿಸುವಾಗ ಚನಬಸಪ್ಪ ಬಲಕ್ಕೆ ವಾಲಿದ. ನೆಟ್ಟಗೆ ಮಾಡಿದರು, ಮತ್ತೆ ವಾಲಿದ.

"ಮೋಟಿನ ಕೆಳಗ ಏನರ ಕೊಡ್ರಿ," ಎಂದರು ಅಡಿವೆಯ್ಯ. ತೋಡುವವನೊಬ್ಬ ಮಣ್ಣಿನ ಹೆಂಟೆ ಎತ್ತಿಕೊಂಡ.

"ಹೆಂಟಿ ಬ್ಯಾಡ," ಎಂದಳು ಮೇಲೆ ನಿಂತ ಗುರುಬಸವ್ವ. "ಅಲ್ಲಿ ಹುಣ್ಣೈತಿ."

ಈಶಪ್ಪ ಕುಣಿಗೆ ಇಳಿದ. ಬೀಗರು ಬರುತ್ತಾರೆಂದು ಬೆಳಿಗ್ಗೆ ಸುತ್ತಿಕೊಂಡಿದ್ದ ರುಮಾಲನ್ನು ಅಂದಾನೆಪ್ಪನ ಎದುರಿಗೇ ತಲೆಯಿಂದ ಬಿಚ್ಚಿದ. ಅದರ ತುದಿಯಿಂದ ತಮ್ಮನ ಮೋಟನ್ನು ಮೆಲ್ಲಗೆ ಒರೆಸಿದ. ಆಮೇಲೆ, ಚುಚ್ಚಬಾರದೆಂದು ಜರಿಯ ಅಂಚನ್ನು ಒಳಗೆ ಮಾಡಿ, ಮಡಿಕೆ ಮೇಲೆ ಮಡಿಕೆ ಹಾಕಿ, ಅದರ ಕೆಳಗೆ ಇಟ್ಟ.