ತುಂಬಿ ಕೊಟ್ಟ ಪೆನ್‌ಡ್ರೈವ್

ಒಬ್ಬರ ಉಸಿರನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಅದಕ್ಕೆ ಅವರ ಹೆಸರಿಡದಿರುವುದು ಕಳವಿಗೆ ಸಮ. ಇದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದಲೇ ಆ ಮಂಗಳವಾರ ಮಧ್ಯಾಹ್ನ ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದಿರುವ ಶಿವಕುಮಾರನ ಮಹಡಿ ಕೋಣೆಗೆ ನಾನು ಕರೆಯದೆಯೇ ಹೋಗಿ ಕುಳಿತಿದ್ದೆ. ಅವನು ನನ್ನ ಬಳಿ ಕನ್ನಡ ಓದಿದವನು. ಈಗ ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಯಾವ ವಾದ್ಯದ ಸ್ವರವನ್ನಾದರೂ ಹಿಡಿದಿಟ್ಟುಕೊಂಡು, ಬೆರಳಿಟ್ಟಾಗ ಅದನ್ನೇ ನುಡಿಯುವ ಕೀಬೋರ್ಡ್ ಅದು.

ಆ ದಿನ ಅದಕ್ಕೆ ಸ್ವರ ಕೊಟ್ಟವರು ಸಾಲಗಾಮೆಯ ಮಂಚಯ್ಯನವರು. ನಲವತ್ತು ವರ್ಷ ನಾದಸ್ವರ ಊದಿದವರು. ಮರುದಿನ ಹಾಸನದಲ್ಲಿ ಅವರ ಮುಂದಿನ ಹಲ್ಲುಗಳನ್ನೆಲ್ಲ ಕೀಳುವವರಿದ್ದರು. ಆಮೇಲೆ ಊದುವ ಮಾತೇ ಇಲ್ಲ. ಎರಡು ಗಂಟೆ ಒಂದೊಂದೇ ಸ್ವರ ಊದಿ, ಬಾಯಿಗೆ ವಸ್ತ್ರ ಒತ್ತಿಕೊಂಡು ಕುಳಿತಿದ್ದರು.

"ಹೆಸ್ರು 'ನ್ಯೂ ಒನ್' ಅಂತ ಹಾಕ್ಲಾ ಮಿಸ್?" ಎಂದ ಶಿವಕುಮಾರ.

"ಹಾಕಿದ್ರೆ ಬೆತ್ತ ತರಿಸ್ತೀನಿ. ಮಂಚಯ್ಯ ಅಂತ ಬರಿ."

ಬರೆದು, ಸೇವ್ ಒತ್ತಿದ. ಜಾಗವಿಲ್ಲವೆಂದು ಪರದೆ ತಿಳಿಸಿತು.

"ಹೆಸ್ರು ಉದ್ದ ಆಯ್ತೇನೋ" ಎಂದು ಅವನು ಕೊನೆಯ ಅಕ್ಷರ ಅಳಿಸಿದ.

"ಮಂಚ ಅಂದ್ರೆ ಮಲಿಕ್ಕೊಳ್ಳಾದು ಕಣಪ್ಪ" ಎಂದರು ಮಂಚಯ್ಯನವರು, ವಸ್ತ್ರದೊಳಗಿಂದಲೇ.

ಹೆಸರು ಕತ್ತರಿಸಿದರೂ ಜಾಗವಿಲ್ಲ. ಕೀಬೋರ್ಡಿಗೆ ಸಿಕ್ಕಿಸಿದ್ದ ಪೆನ್‌ಡ್ರೈವಿನಲ್ಲಿ ಏನಿದೆಯೆಂದು ತೆರೆದು ನೋಡಿದರೆ ಪಟ್ಟಿ ಬರಿದು. ಏನೂ ಇಲ್ಲದ ಕಡೆ ಜಾಗವೂ ಇಲ್ಲವೆಂದರೆ ಏನರ್ಥ? ಮೂವತ್ತೊಂದು ವರ್ಷ ಪಾಠ ಹೇಳಿದ ನನಗೆ ತಿಳಿಯಲಿಲ್ಲ. ಯಂತ್ರವೂ ಸುಳ್ಳು ಹೇಳಲು ಕಲಿತಿದೆ ಎಂದು ಸಿಟ್ಟಾದೆ.

ಶಿವಕುಮಾರ ನನ್ನತ್ತ ತಿರುಗಿದ. "ಮಿಸ್, ಹೋದ್ವಾರ ಇದ್ನ ನಿಮ್ಗೆ ಕೊಟ್ಟಿದ್ನಲ್ಲ, ಪಿಂಚಣಿ ಕಾಗ್ದ ಪ್ರಿಂಟ್ ಹಾಕ್ಸಕ್ಕೆ. ವಾಪಸ್ ಕೊಡುವಾಗ ಏನಾರ ತುಂಬುದ್ರಾ?"

"ತುಂಬದೆ? ಈಸ್ಕೊಂಡ ಪಾತ್ರೆನ ಯಾರಾದ್ರೂ ಬರಿದಾಗಿ ವಾಪಸ್ ಕೊಡ್ತಾರೇನೋ?"

"ಇದು ಪಾಯ್ಸದ ಬಟ್ಲಲ್ಲ ಮಿಸ್."

ಕೀಬೋರ್ಡು ತನಗೆ ಅರ್ಥವಾಗುವ ಫೈಲನ್ನು ಮಾತ್ರ ಪಟ್ಟಿಯಲ್ಲಿ ತೋರಿಸುತ್ತದಂತೆ. ನಾನು ತುಂಬಿದ್ದು ವಿಡಿಯೊ. ಅದು ಕಾಣದಂತೆ ಕುಳಿತು ಜಾಗವನ್ನೆಲ್ಲ ನುಂಗಿತ್ತು. ಅಂಗಡಿಯಲ್ಲಿ ಈಗ ಸಿಗುವ ದೊಡ್ಡ ಪೆನ್‌ಡ್ರೈವುಗಳನ್ನು ಈ ಹಳೆಯ ಕೀಬೋರ್ಡು ಒಪ್ಪುವುದಿಲ್ಲ. ಗಂಟೆ ಮೂರೂ ಮುಕ್ಕಾಲು. ತಂತಿ ದುರಸ್ತಿಗಾಗಿ ನಾಲ್ಕಕ್ಕೆ ಕರೆಂಟು ತೆಗೆಯುತ್ತೇವೆಂದು ಬೆಳಿಗ್ಗೆಯೇ ಸಾರಿದ್ದರು. ಸೇವ್ ಆಗುವ ಮೊದಲು ಕೀಬೋರ್ಡು ಆರಿದರೆ ಅದರೊಳಗಿನ ಸ್ವರವೆಲ್ಲ ಮಾಯ.

"ಯೋಚ್ನೆ ಮಾಡ್ಬ್ಯಾಡಿ" ಎಂದ ಶಿವಕುಮಾರ. "ಪೂರ್ತಿ ಅಳಿಸ್ಬುಡ್ತೀನಿ. ನಿಮ್ ಕಂಪ್ಯೂಟರ್ನಾಗೆ ಇನ್ನೊಂದು ಕಾಪಿ ಇರ್ತದಲ್ಲ?"

ಇರಲಿಲ್ಲ. ಒಂದು ಪ್ರತಿಯನ್ನು ತನಗಿಟ್ಟುಕೊಂಡು ಕೊಟ್ಟದ್ದು ಕೊಟ್ಟಂತಲ್ಲವೆಂದು ನಾನು ಅಲ್ಲಿಂದ ಪೂರ್ತಿ ತೆಗೆದು ಇಲ್ಲಿಗೆ ಹಾಕಿದ್ದೆ. ಅದು ನನ್ನ ಕೊನೆಯ ವರ್ಷದ ವಾರ್ಷಿಕೋತ್ಸವ. ಹನ್ನೊಂದು ಹುಡುಗಿಯರು ಹಾಡಿದ್ದು. ಮನೆಗೆ ಹೋಗಿ ಅದನ್ನು ಕಂಪ್ಯೂಟರಿಗೆ ಇಳಿಸಿ ಬರಲು ಅರ್ಧ ಗಂಟೆಯಾದರೂ ಬೇಕು.

ಹೇಳಿದೆ. ಶಿವಕುಮಾರ ಕೀಬೋರ್ಡಿನಿಂದ ಕೈ ತೆಗೆದ.

"ಮಕ್ಳು ಪದ ಆಡಿದ್ನ ಅಳಿಸ್ಬ್ಯಾಡಿ ಮೇಷ್ಟ್ರಮ್ಮ" ಎಂದರು ಮಂಚಯ್ಯನವರು. "ಕರೆಂಟ್ ಬಂದ್ಮ್ಯಾಕೆ ಇನ್ನೊಂದ್ ದಪ ಊದ್ತೀನಿ. ಅದಕ್ಕೇನಂತೆ." ಮಾತಾಡಲು ವಸ್ತ್ರ ಇಳಿಸಿದ್ದರು. ಅದು ಕೆಂಪಾಗಿತ್ತು.

ತನ್ನದನ್ನು ತ್ಯಾಗ ಮಾಡುವುದು ಧರ್ಮವೆಂದು ಪಾಠ ಹೇಳಿದವಳು ನಾನು. ಆದರೆ ಇದು ನನ್ನದೇ? ಮಂಚಯ್ಯನವರ ಸ್ವರ ಅವರದಾದರೆ ಆ ಹುಡುಗಿಯರ ದನಿಯೂ ಅವರದೇ. ಕೊಡುವಾಗ ಅವರನ್ನು ಕೇಳಿರಲಿಲ್ಲ. ಈಗ ಅಳಿಸಲು ಕೇಳೋಣವೆಂದರೆ ಯಾರು ಯಾವ ಊರಿಗೆ ಮದುವೆಯಾಗಿ ಹೋಗಿದ್ದಾರೋ. ಕೇಳದೆ ಅಳಿಸಿದರೆ ಅನ್ಯಾಯ. ಅಳಿಸದಿದ್ದರೆ ಈ ಬಾಯಿ ಮತ್ತೊಮ್ಮೆ ಊದಬೇಕು. ಯಾವ ನೀತಿಯನ್ನು ಹಿಡಿದರೂ ಇನ್ನೊಂದು ಕೈತಪ್ಪುತ್ತಿತ್ತು. ಐದು ನಿಮಿಷ ಉಳಿದಿತ್ತು.

"ನೀವೇ ಒತ್ತಿ ಮಿಸ್. ನನ್ ಕೈಲಾಗಲ್ಲ."

ಖಚಿತವೇ ಎಂದು ಪರದೆ ಕೇಳಿತು. ಖಚಿತವಿರಲಿಲ್ಲ. ಒತ್ತಿದೆ.

ಆಮೇಲೆ ಪೂರ್ತಿ ಹೆಸರಿನಿಂದಲೇ ಸೇವ್ ಆಯಿತು. ಕರೆಂಟು ಹೋಗಿ ಫ್ಯಾನು ನಿಂತಿತು.

"ನಂದು ಉಳೀತಾ?" ಎಂದರು ಮಂಚಯ್ಯನವರು.

"ಉಳೀತು ಮಂಚಯ್ಯನೋರೆ" ಎಂದ ಶಿವಕುಮಾರ.

"ಮೇಷ್ಟ್ರಮ್ಮ, ಆ ಮಕ್ಳು ಏನ್ ಪದ ಆಡಿದ್ರು?"

ಮೊದಲ ಸಾಲು ಹೇಳಿದೆ. ಎರಡನೆಯದು ನೆನಪಿಗೆ ಬರಲಿಲ್ಲ.